ತಿಪ್ಪೆಯ ಸರದಿ

ಐಸಿಯು ಬಾಗಿಲಿಗೆ ಐವತ್ತು ಟ್ಯುಲಿಪ್ ಹೂ ಹಿಡಿದು ಬಂದವನನ್ನು ತ್ಯೂನಿಸ್ ಇವತ್ತಿಗೂ ಕ್ಷಮಿಸಿಲ್ಲ. ಹೂ ತಂದದ್ದು ತಪ್ಪು ಅಂತಲ್ಲ. ಟ್ಯುಲಿಪ್ ಬೆಳೆಯುವವನು ಇನ್ನೇನು ತರುತ್ತಾನೆ, ಹೆರಿಂಗ್ ಮೀನು ತರುತ್ತಾನೆಯೇ? ಬಾಗಿಲಲ್ಲಿ ನರ್ಸ್ ಕೈ ಅಡ್ಡ ಹಿಡಿದು, "ಹೂವು, ಮಣ್ಣು ಒಳಗೆ ಬಿಡಲ್ಲ. ಬೂಷ್ಟು ಬರುತ್ತೆ" ಅಂದಾಗ ಸೀಮನ್ ನಕ್ಕನಲ್ಲ, ಸಿಟ್ಟು ಆ ನಗುವಿನ ಮೇಲೆ.

"ನಮ್ಮ ಹೂವಲ್ಲಿ ಬೂಷ್ಟಾ?" ಅಂದ ಸೀಮನ್. "ಗೆಡ್ಡೆಗಳನ್ನ ಮದ್ದಲ್ಲಿ ಮುಳುಗಿಸಿ ಎತ್ತಿರೋದು ಮೇಡಮ್. ನಿಮ್ಮ ಆಸ್ಪತ್ರೆ ನೆಲಕ್ಕಿಂತ ಚೊಕ್ಕ."

ಗಾಜಿನ ಆಚೆ ತ್ಯೂನಿಸನ ತಮ್ಮ ಆರಿ ಬಾಯಿಗೆ ನಳಿಗೆ ಹಾಕಿಸಿಕೊಂಡು ಬೋರಲು ಮಲಗಿದ್ದ. ಅವನ ಶ್ವಾಸಕೋಶದಲ್ಲಿ ಬೂಷ್ಟು ಬೆಳೆಯುತ್ತಿತ್ತು.

ಉತ್ತರ ಹಾಲೆಂಡಿನಲ್ಲಿ, ಸಮುದ್ರದ ಏರಿಗೆ ಬೆನ್ನು ಕೊಟ್ಟು ಕೂತ ಹಳ್ಳಿ ಅವರದು. ಸ್ಲಾಟ್ ಮನೆತನದ ಅಣ್ಣತಮ್ಮ ಇಬ್ಬರೂ ಏರಿಯ ಕೆಳಗಿನ ಮನೆಯಲ್ಲಿ ಹುಟ್ಟಿದವರು, ಮದುವೆಯಾಗದೆ ಅದೇ ಮನೆಯಲ್ಲಿ ಉಳಿದವರು. ಆಗ ತ್ಯೂನಿಸ್‌ಗೆ ಐವತ್ತಮೂರು, ಆರಿಗೆ ನಲವತ್ತೇಳು. ಅವರಿಬ್ಬರಿಗೂ ಕೆಲಸ ಕೊಟ್ಟ ಸೀಮನ್ ಶಾಲೆಯಲ್ಲಿ ತ್ಯೂನಿಸ್ ಕೂತ ಬೆಂಚಿನಲ್ಲೇ ಕೂತವನು. ಒಬ್ಬನಿಗೆ ಅಪ್ಪನ ಹೊಲ ಬಂತು, ಇನ್ನೊಬ್ಬನಿಗೆ ಅಪ್ಪನ ಸಿಟ್ಟು ಬಂತು. ಅಷ್ಟೇ ವ್ಯತ್ಯಾಸ.

ಸಿಟ್ಟು ಅಂದರೆ ಅಂಥಿಂಥದ್ದಲ್ಲ. ಊರಲ್ಲಿ ತ್ಯೂನಿಸ್‌ಗೆ 'ಸೀಟಿ ಕೆಟಲ್' ಅಂತಲೇ ಹೆಸರು. ನೀರು ಕಾಯುವುದಷ್ಟೇ ತಡ, ಇಡೀ ಬೀದಿಗೆ ಕೇಳಿಸುತ್ತಿತ್ತು. ಆ ಕೆಟಲನ್ನು ಒಲೆಯಿಂದ ಇಳಿಸುವುದು ಆರಿಯೊಬ್ಬನಿಗೇ ಗೊತ್ತು. ಜೇಬಿನಿಂದ ಕರಿ ಲಿಕೊರಿಸ್ ಮಿಠಾಯಿ ತೆಗೆದು ಅಣ್ಣನ ಬಾಯಿಗೆ ತುರುಕಿ, "ಇದು ಕರಗೋವರೆಗೂ ಮಾತಾಡಬೇಡ ಮುದುಕಾ" ಅನ್ನುತ್ತಿದ್ದ. ಆರು ವರ್ಷದ ಅಂತರಕ್ಕೆ ಮುದುಕ! ಉಪ್ಪು ಮಿಠಾಯಿ, ಬೇಗ ಕರಗುವುದಿಲ್ಲ. ಕರಗುವಷ್ಟರಲ್ಲಿ ಸಿಟ್ಟೂ ಕರಗಿರುತ್ತಿತ್ತು.

ತ್ಯೂನಿಸನ ಕೆಲಸ ಗೆಡ್ಡೆಗೆ ಸ್ನಾನ ಮಾಡಿಸುವುದು. ಅಕ್ಟೋಬರಿನಲ್ಲಿ ಟ್ಯುಲಿಪ್ ಗೆಡ್ಡೆ ಮಣ್ಣಿಗೆ ಹೋಗುವ ಮೊದಲು ಕ್ರೇಟುಗಟ್ಟಲೆ ಗೆಡ್ಡೆಯನ್ನು ತೊಟ್ಟಿಯಲ್ಲಿ ಇಳಿಸಬೇಕು. ತೊಟ್ಟಿಯಲ್ಲಿ ಹಾಲಿನ ಹಾಗೆ ಬೆಳ್ಳಗಿನ ಮದ್ದಿನ ನೀರು. ಕಾಲು ಗಂಟೆ ನೆನೆಸಿ ಎತ್ತಿದರೆ ಗೆಡ್ಡೆಯ ಹತ್ತಿರ ಬೂಷ್ಟು ಸುಳಿಯುವುದಿಲ್ಲ. ಇಪ್ಪತ್ತೆಂಟು ವರ್ಷ ಅವನು ಅದನ್ನು ಮಾಡಿದ. ಕಡಿಮೆ ನೆನೆಸಿದರೆ ಕೊಳೆಯುತ್ತದೆ, ಹೆಚ್ಚು ನೆನೆಸಿದರೆ ಬೇರು ಬಿಡುವುದಿಲ್ಲ. ತ್ಯೂನಿಸ್ ಎತ್ತಿದ ಗೆಡ್ಡೆ ಕೊಳೆಯಲ್ಲ ಅಂತ ಪಕ್ಕದ ಹೊಲದವರೂ ಹೇಳುತ್ತಿದ್ದರು. ಆ ಮಾತನ್ನು ಅವನು ಎದೆಗೆ ಚುಚ್ಚಿಕೊಂಡ ಪದಕದ ಹಾಗೆ ಹೊತ್ತು ತಿರುಗಿದ. ಪಾಪ, ಅವನಿಗೇನು ಗೊತ್ತು.

ಶೆಡ್ಡಿನ ಹಿಂದೆ ತಿಪ್ಪೆ. ಮಾಳಿಗೆ ಎತ್ತರದ ತಿಪ್ಪೆ. ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ಹೂ ಅರಳಿಸಿ, ಹೂವನ್ನು ಪೇಟೆಗೆ ಕಳಿಸಿ, ಕತ್ತರಿಸಿ ಉಳಿದ ಗೆಡ್ಡೆಯನ್ನು ಅದರ ಮೇಲೆ ಸುರಿಯುತ್ತಾರೆ. ಸಿಪ್ಪೆ, ಎಲೆ, ಕೊಳೆತದ್ದು ಎಲ್ಲವೂ ಅಲ್ಲಿಗೇ. ಹೊರಗೆ ನೀರು ಹೆಪ್ಪುಗಟ್ಟಿದರೂ ತಿಪ್ಪೆಯ ಹೊಟ್ಟೆ ಬಿಸಿ, ಯಾವಾಗಲೂ ಹಬೆ. ಎರಡು ವಾರಕ್ಕೊಮ್ಮೆ ಲೋಡರ್ ಗಾಡಿಯಿಂದ ಅದನ್ನು ಬುಡಮೇಲು ಮಾಡಬೇಕು. ಆ ನಾತ ಯಾರಿಗೂ ಬೇಡ. ಅದಕ್ಕೇ ಅಣ್ಣತಮ್ಮ ಸರದಿ ಹಾಕಿಕೊಂಡಿದ್ದರು. ಶೆಡ್ಡಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಒಂದು ಸಲ ತ್ಯೂನಿಸನ ಹೆಸರು, ಇನ್ನೊಂದು ಸಲ ಆರಿಯ ಹೆಸರು.

2018ರ ಜನವರಿ. ಆ ಚಳಿಗಾಲದಲ್ಲಿ ಫ್ಲೂ ಅರ್ಧ ಊರನ್ನು ಹಾಸಿಗೆ ಹಿಡಿಸಿತ್ತು. ಆರಿಗೂ ಜ್ವರ ಏರಿತು. ತ್ಯೂನಿಸ್ ಊರ ಡಾಕ್ಟರಿಗೆ ಫೋನ್ ಮಾಡಿದ. ಅವರ ಸಹಾಯಕಿ, "ಪ್ಯಾರಾಸಿಟಮಾಲ್ ಕೊಡಿ, ಮಲಗಿಸಿ, ಒಂದು ವಾರದ ಮೇಲೂ ಇದ್ರೆ ಫೋನ್ ಮಾಡಿ" ಅಂದಳು. ಅಲ್ಲಿ ಕಾಲು ಮುರಿದರೂ ಮೊದಲು ಪ್ಯಾರಾಸಿಟಮಾಲ್. ಯಾರೂ ಎದುರು ಮಾತಾಡುವುದಿಲ್ಲ. ಇನ್ನು ಜ್ವರ ಅಂತ ವಾರವಿಡೀ ಮಲಗುವುದು, ಅದೂ ಪ್ರೇಮಿಗಳ ದಿನದ ಹೂವಿಗೆ ಆರ್ಡರು ಬಂದು ಬಿದ್ದಿರುವಾಗ? ಮೂರನೆಯ ದಿನ ಬೆಳಿಗ್ಗೆ ಆರಿ ಸೈಕಲ್ ಹೊಡೆದುಕೊಂಡು ಶೆಡ್ಡಿಗೆ ಬಂದೇಬಿಟ್ಟ.

"ಯಾಕೋ ಬಂದೆ?" ಅಂತ ತ್ಯೂನಿಸ್ ರೇಗಿದ. "ಮುಖ ನೋಡ್ಕೊಂಡ್ಯಾ? ಸುಲಿದ ಆಲೂಗೆಡ್ಡೆ ಆಗಿದೆ."

"ಮನೇಲಿದ್ರೆ ನೀನು ಮಾಡಿಟ್ಟ ಬಟಾಣಿ ಸೂಪು ಕುಡೀಬೇಕಲ್ಲ ಮಾರಾಯ. ಅದಕ್ಕಿಂತ ಈ ಚಳೀಲಿ ಸಾಯೋದು ವಾಸಿ."

ಆ ದಿನ ಆರಿಯ ಪಾಲಿಗಿದ್ದದ್ದು ಕೋಲ್ಡ್ ರೂಮಿನಿಂದ ಕ್ರೇಟು ಹೊರುವ ಕೆಲಸ. ಒಳಗೆ ಎರಡೇ ಡಿಗ್ರಿ. ತ್ಯೂನಿಸ್‌ಗೆ ತಿಪ್ಪೆಯ ಸರದಿ. ಅವನು ತಮ್ಮನ ಹಣೆ ಮುಟ್ಟಿ ನೋಡಿದ. ಬಿಸಿ ಕಾವಲಿ.

"ಬಾ ಇಲ್ಲಿ. ಅದಲು ಬದಲು ಮಾಡ್ಕೊಳ್ಳೋಣ. ನೀನು ಗಾಡೀಲಿ ಕೂತ್ಕೋ, ಹೀಟರ್ ಹಾಕ್ಕೋ, ಬೆಚ್ಚಗಿರು. ಕ್ರೇಟು ನಾನು ಹೊರ್ತೀನಿ."

"ಓಹೋ, ಕೂತ್ಕೊಂಡು ಮಾಡೋ ಕೆಲಸ! ಆದ್ರೆ ನೆನಪಿಟ್ಕೋ ಮುದುಕಾ, ನಿನ್ನ ಸರದಿ ನಾನು ಮಾಡ್ತಿರೋದು. ಒಂದು ಬಾಕಿ ಆಯ್ತು."

"ತೀರಿಸ್ತೀನಿ ಹೋಗೋ. ಬೇಸಿಗೇಲಿ, ತಿಪ್ಪೆ ಚೆನ್ನಾಗಿ ನಾರೋ ಹೊತ್ತಲ್ಲಿ."

ಶೆಡ್ಡಿನಲ್ಲಿದ್ದವರೆಲ್ಲ ಅದನ್ನು ಒಳ್ಳೆಯ ಕೆಲಸ ಅಂದುಕೊಂಡರು. ಕಾಯಿಲೆಯವನಿಗೆ ಹಗುರ ಕೆಲಸ, ಬೆಚ್ಚನೆ ಜಾಗ. ಅಲ್ಲಿ ಯಾವ ಶೆಡ್ಡಿನಲ್ಲಾದರೂ ಹಾಗೇ ಮಾಡುತ್ತಿದ್ದರು. ಆರಿ ಬಕೆಟ್ ಇಳಿಸಿ ತಿಪ್ಪೆಯ ಹೊಟ್ಟೆ ಬಗೆದ. ಹಬೆ ಎದ್ದು ಗಾಡಿಯ ಗಾಜೆಲ್ಲ ಮಂಜಾಯಿತು. ಕಾಣದೆ ಅವನು ಬಾಗಿಲು ತೆರೆದಿಟ್ಟುಕೊಂಡ. ಹಬೆಯ ಜೊತೆ ಬೂದಿಯಂಥ ನಯವಾದ ಪುಡಿ ಎದ್ದು ಅವನ ಸುತ್ತ ಸುಳಿಯಿತು. ಮಧ್ಯಾಹ್ನದವರೆಗೂ, ನಾಲ್ಕು ಗಂಟೆ. ಕ್ರೇಟು ಹೊತ್ತುಕೊಂಡು ಆಚೆ ಬಂದಾಗಲೆಲ್ಲ ತ್ಯೂನಿಸ್ ಆ ಕಡೆ ನೋಡಿದ. ಆರಿ ಕೆಮ್ಮುತ್ತ ಕೈ ಬೀಸಿದ.

ಎರಡು ದಿನ ಬಿಟ್ಟು ಆಂಬುಲೆನ್ಸ್ ಬಂತು. ಪೇಟೆಯ ಆಸ್ಪತ್ರೆಯಲ್ಲಿ ನೇರ ಐಸಿಯು. ಆರಿಯ ತುಟಿ ನೀಲಿಗಟ್ಟಿತ್ತು. ನಿದ್ದೆ ಬರಿಸಿ ನಳಿಗೆ ಹಾಕುವ ಮೊದಲು ಅವನು ಜೇಬಿನ ಮಿಠಾಯಿ ಪೊಟ್ಟಣ ತೆಗೆದು ಅಣ್ಣನ ಕೈಗಿಟ್ಟ.

"ಎಲ್ಲಾ ತಿಂದುಬಿಡಬೇಡ. ವಾಪಸ್ ಕೇಳ್ತೀನಿ."

ಆಮೇಲೆ ಅವನ ದನಿ ಕೇಳಲಿಲ್ಲ.

ಐದು ದಿನ ಫ್ಲೂ ಇಳಿಯುತ್ತ ಬಂತು. ಇನ್ನೇನು ನಳಿಗೆ ತೆಗೆಯಬಹುದು ಅಂದರು. ಆರನೆಯ ದಿನ ಮತ್ತೆ ಜ್ವರ, ಆಮ್ಲಜನಕ ಎಷ್ಟು ಕೊಟ್ಟರೂ ಸಾಲದು. ಡಾಕ್ಟರ್ ಎಲ್ಸಿಂಗಾ ಅಂತ ಒಬ್ಬಾಕೆ, ನಲವತ್ತರ ಹೆಂಗಸು, ಸುತ್ತಿ ಬಳಸಿ ಮಾತಾಡದವಳು. ಶ್ವಾಸಕೋಶದೊಳಗೆ ನೀರು ಬಿಟ್ಟು ತೊಳೆದು ತೆಗೆದು ನೋಡಿಸಿದಳು.

"ಬೂಷ್ಟು ಇದೆ ಸ್ಲಾಟ್ ಅವರೇ," ಅಂತ ತ್ಯೂನಿಸನನ್ನು ಕೂರಿಸಿ ಹೇಳಿದಳು. "ಇದರ ಬೀಜ ಗಾಳೀಲಿರುತ್ತೆ. ನಾವೂ ನೀವೂ ದಿನಾ ಉಸಿರಾಡ್ತೀವಿ, ಏನೂ ಆಗಲ್ಲ. ಆದ್ರೆ ಫ್ಲೂ ನಿಮ್ಮ ತಮ್ಮನ ಶ್ವಾಸಕೋಶದ ಒಳಗೋಡೇನ ಸುಲಿದುಬಿಟ್ಟಿದೆ. ತಡೆಯೋಕೆ ಅಲ್ಲೇನೂ ಉಳಿದಿಲ್ಲ."

"ಮದ್ದಿಲ್ವಾ?"

"ಇದೆ. ಒಳ್ಳೇ ಮದ್ದೇ. ಶುರು ಮಾಡಿದೀವಿ."

ಮೂರು ದಿನ ಆ ಒಳ್ಳೇ ಮದ್ದು ಹನಿಹನಿಯಾಗಿ ಆರಿಯ ರಕ್ತಕ್ಕೆ ಇಳಿಯಿತು. ಬೂಷ್ಟು ಕ್ಯಾರೇ ಅನ್ನಲಿಲ್ಲ. ನಾಲ್ಕನೆಯ ದಿನ ಸೀಮನ್ ಹೂ ಹಿಡಿದು ಬಂದದ್ದು. ಬಾಗಿಲಲ್ಲಿ ಆ ನಗು ನಕ್ಕು, ಆ ಮಾತು ಆಡಿದ್ದು. ಆಗಲೇ ಒಳಗಿಂದ ಬರುತ್ತಿದ್ದ ಡಾಕ್ಟರ್ ಎಲ್ಸಿಂಗಾ ಗಕ್ಕನೆ ನಿಂತಳು.

"ಯಾವ ಮದ್ದಲ್ಲಿ ಮುಳುಗಿಸ್ತೀರಿ?"

"ಏನೋಪ್ಪ, ಡ್ರಮ್ಮಲ್ಲಿ ಬರುತ್ತೆ. ಇವನನ್ನ ಕೇಳಿ, ಅದು ಇವನ ಇಲಾಖೆ" ಅಂದ ಸೀಮನ್.

ತ್ಯೂನಿಸ್ ಓದಿದ್ದು ಕಡಿಮೆ. ಆದರೆ ಇಪ್ಪತ್ತೆಂಟು ವರ್ಷ ಕಣ್ಣೆದುರಿಗಿದ್ದ ಡ್ರಮ್ಮಿನ ಚೀಟಿ ಮರೆತಾನೆಯೇ? ಅಕ್ಷರ ಅಕ್ಷರ ಬಿಡಿಸಿ ಹೆಸರು ಹೇಳಿದ. ಆಕೆ ಸೀಮನ್ನನನ್ನೂ ಅವನ ಹೂವನ್ನೂ ಅಲ್ಲೇ ಬಿಟ್ಟು ತ್ಯೂನಿಸನನ್ನು ಪಕ್ಕದ ಕೋಣೆಗೆ ಕರೆದೊಯ್ದಳು.

"ಬೂಷ್ಟು ಮದ್ದಿಗೆ ಬಗ್ಗುತ್ತೋ ಇಲ್ವೋ ಅಂತ ಲ್ಯಾಬಿಗೆ ಕೊಟ್ಟಿದೀನಿ, ಉತ್ತರ ಬರೋಕೆ ಇನ್ನೆರಡು ದಿನ. ನಾನಿನ್ನು ಕಾಯಲ್ಲ. ನೀವು ತೊಟ್ಟಿಗೆ ಹಾಕೋ ಮದ್ದು, ನಾನು ಇವರ ರಕ್ತಕ್ಕೆ ಬಿಡ್ತಿರೋ ಮದ್ದು, ಎರಡೂ ಒಂದೇ ಮನೆತನದ್ದು."

ತ್ಯೂನಿಸ್‌ಗೆ ಅರ್ಥವಾಗಲಿಲ್ಲ. ಆಕೆ ಮತ್ತೆ ಹೇಳಿದಳು.

"ಗೆಡ್ಡೆಗೆ ಮೆತ್ತಿದ ಮದ್ದು ತಿಪ್ಪೆಗೂ ಬರುತ್ತೆ. ಬೂಷ್ಟೂ ತಿಪ್ಪೇಲೇ ಬೆಳೆಯುತ್ತೆ. ಮದ್ದಿಗೆ ಸಾಯೋದು ಸಾಯುತ್ತೆ, ಸಾಯದೇ ಇರೋದು ಉಳ್ಕೊಂಡು ಸಂಸಾರ ಬೆಳೆಸುತ್ತೆ. ವರ್ಷ ವರ್ಷ ಹಾಗೇ. ಕೊನೆಗೆ ಅದು ಮನುಷ್ಯನ ಒಳಗೆ ಬಂದಾಗ ನನ್ನ ಮದ್ದಿಗೂ ಹೆದರಲ್ಲ."

"ತಿಪ್ಪೆ ಕೆದಕಿದ್ರೆ?"

"ಬೀಜ ಗಾಳಿಗೆ ಏಳುತ್ತೆ."

"ಜ್ವರದಲ್ಲಿ ಅವನೇ ಕೆದಕಿದ್ದು. ನಾಲ್ಕು ಗಂಟೆ." ನಾನೇ ಕೂರಿಸಿದ್ದು ಅಂತ ಹೇಳಲು ಬಾಯಿ ಬರಲಿಲ್ಲ.

"ಅಲ್ಲಿಂದಲೇ ಬಂತು ಅಂತ ನಾನು ಹೇಳಲಾರೆ."

"ಅಲ್ಲಿಂದ ಬಂದಿಲ್ಲ ಅಂತ ಹೇಳ್ತೀರಾ?"

"ಅದನ್ನೂ ಹೇಳಲಾರೆ. ತಿಪ್ಪೆಯಿಂದ ಒಂದು ಹಿಡಿ ಕೊಟ್ರೆ ಲ್ಯಾಬಲ್ಲಿ ನೋಡಬಹುದು. ಹೊಲದವರ ಒಪ್ಪಿಗೆ ಬೇಕು."

ಅದೇ ಮಧ್ಯಾಹ್ನ ಬೇರೆ ಮದ್ದು ಶುರುವಾಯಿತು. ಕಿಡ್ನಿಗೆ ಕಟುಕ ಮದ್ದು ಅಂತ ಮೊದಲೇ ಎಚ್ಚರಿಸಿದ್ದಳು.

ತ್ಯೂನಿಸ್ ನೇರ ಸೀಮನ್ನನ ಅಡುಗೆಮನೆಗೆ ಹೋದ. ಸೀಮನ್ನನ ಹೆಂಡತಿ ಕಾಫಿ ಬಗ್ಗಿಸಿ, ಬಿಸ್ಕತ್ತಿನ ಡಬ್ಬಿ ತೆಗೆದು, ತಲೆಗೊಂದು ಕೊಟ್ಟಳು. ತ್ಯೂನಿಸ್ ಕೇಳಿದ್ದು ಎರಡೇ. ಲ್ಯಾಬಿಗೆ ಒಂದು ಹಿಡಿ ತಿಪ್ಪೆ. ಉಳಿದ ತಿಪ್ಪೆಗೆ ಪ್ಲಾಸ್ಟಿಕ್ ಹೊದಿಕೆ, ಇನ್ನು ಮುಂದೆ ಯಾರೂ ಅದನ್ನು ಕೆದಕಕೂಡದು.

"ಒಂದು ಹಿಡಿ ಕೊಟ್ಟೆ ಅಂತಿಟ್ಕೋ," ಅಂದ ಸೀಮನ್. "ನಾಳೆ ಪೇಪರಲ್ಲಿ ನನ್ನ ಹೊಲದ ಫೋಟೋ. ಆಮೇಲೆ ಹೂ ಯಾರು ತಗೋತಾರೆ? ನನ್ನದೊಂದೇ ತಿಪ್ಪೇನಾ ಈ ನಾಡಲ್ಲಿ? ನೂರಾರು ಇವೆ."

"ನನ್ನ ತಮ್ಮ ನೂರಾರು ತಿಪ್ಪೆ ಕೆದಕಿಲ್ಲ. ನಿಂದೊಂದೇ ಕೆದಕಿದ್ದು."

"ನಾನು ಕೂರಿಸಿದ್ನಾ ಅವನನ್ನ ಗಾಡೀಲಿ? ಹೇಳು. ಕೂರಿಸಿದ್ದು ಯಾರು?"

ಆ ಏಟು ಸರಿಯಾದ ಜಾಗಕ್ಕೇ ಬಿತ್ತು. ಆಗ ಸೀಮನ್ನನ ಹೆಂಡತಿ, ಒಲೆಯ ಕಡೆ ಮುಖ ಮಾಡಿಕೊಂಡೇ, ಮೆಲ್ಲಗೆ ಅಂದಳು:

"ಆ ಕಾಗದ ಬಂದಿತ್ತಲ್ಲ, ಸೀಮನ್."

"ಯಾವ ಕಾಗದ?"

"ಬೆಳೆಗಾರರ ಸಂಘದ್ದು. ಅಕ್ಟೋಬರಲ್ಲಿ. ಡ್ರಾಯರಲ್ಲಿದೆ."

ಅವಳೇ ತೆಗೆದು ಮೇಜಿನ ಮೇಲಿಟ್ಟಳು. ಒಂದೇ ಪುಟ. ತಿಪ್ಪೆಯನ್ನು ಮುಚ್ಚಿಡಿ, ಸುಮ್ಮನೆ ಕೆದಕಬೇಡಿ, ಕೆದಕುವವರಿಗೆ ಮುಖಕ್ಕೆ ಮಾಸ್ಕ್ ಕೊಡಿ, ಶ್ವಾಸಕೋಶದ ಕಾಯಿಲೆ ಇರುವವರನ್ನು ಹತ್ತಿರ ಬಿಡಬೇಡಿ. ದಪ್ಪ ಅಕ್ಷರದಲ್ಲಿ. ತ್ಯೂನಿಸ್ ಬೆರಳಿಟ್ಟು ನಿಧಾನಕ್ಕೆ ಓದಿದ, ಮತ್ತೊಮ್ಮೆ ಓದಿದ. ಕಾಗದದ ಮೇಲೆ ಯಾರೋ ದಿನಸಿ ಪಟ್ಟಿ ಗೀಚಿದ್ದರು: ಬೆಣ್ಣೆ, ಸಾಸಿವೆ, ಬೆಕ್ಕಿನ ಊಟ.

"ನಿಂಗೆ ಗೊತ್ತಿತ್ತು."

"ವಾರಕ್ಕೆ ಮೂರು ಕಾಗದ ಬರ್ತವೆ ಮಾರಾಯ. ಎಲ್ಲಾ ಓದ್ತಾ ಕೂತ್ರೆ ಹೂ ಯಾರು ಕಟ್ತಾರೆ?"

ಅಲ್ಲ, ಕೇಳಿ. ನಾಲ್ಕು ತಿಂಗಳು ಒಬ್ಬ ಮನುಷ್ಯನ ಉಸಿರು ಬೆಕ್ಕಿನ ಊಟದ ಕೆಳಗೆ ಬಿದ್ದಿತ್ತು. ಒಂದು ಮಾತು, ಶೆಡ್ಡಿನಲ್ಲಿ ಕಾಫಿ ಕುಡಿಯುವಾಗ ಒಂದೇ ಒಂದು ಮಾತು ಹೇಳಿದ್ದರೆ, ಜ್ವರದ ಮೈಯವನನ್ನು ಯಾವ ಅಣ್ಣ ಆ ಗಾಡಿಯಲ್ಲಿ ಕೂರಿಸುತ್ತಿದ್ದ?

ಗಂಡ ಹೆಂಡತಿ ಇಬ್ಬರೂ ಕೆಟಲ್ ಸೀಟಿ ಹೊಡೆಯುತ್ತದೆ ಅಂತ ಕಾದರು. ಹೊಡೆಯಲಿಲ್ಲ. ತ್ಯೂನಿಸ್ ಎದ್ದು, ಮುಟ್ಟದ ಬಿಸ್ಕತ್ತನ್ನು ಎತ್ತಿ, ಡಬ್ಬಿಯ ಮುಚ್ಚಳ ತೆಗೆದು, ವಾಪಸ್ ಒಳಗಿಟ್ಟು ಮುಚ್ಚಿದ. ಕೊಟ್ಟವರ ಕಣ್ಣೆದುರು ಬಿಸ್ಕತ್ತು ಡಬ್ಬಿಗೆ ಹಾಕಿದವನು ಆ ಊರಲ್ಲಿ ಮತ್ತೆ ಆ ಮನೆಯ ಮೇಜಿಗೆ ಕೂರುವುದಿಲ್ಲ. ಸೀಮನ್ನನ ಕಿವಿ ಕೆಂಪಾಯಿತು.

ಒಪ್ಪಿಗೆ ಸಿಗಲಿಲ್ಲ. ತ್ಯೂನಿಸ್ ಯಾರನ್ನೂ ಕೇಳದೆ ತಿಪ್ಪೆಗೆ ಹೋದ. ಆರಿಯ ಸ್ಕಾರ್ಫನ್ನು ಮೂಗಿಗೆ ಸುತ್ತಿಕೊಂಡು, ಸೇಬಿನ ಗೊಜ್ಜು ಮುಗಿದ ಖಾಲಿ ಬಾಟಲಿಯಲ್ಲಿ ಒಂದು ಹಿಡಿ ತುಂಬಿದ. ಅದನ್ನು ಕೋಟಿನೊಳಗೆ ಅವುಚಿಕೊಂಡು ರೈಲು ಹತ್ತಿದ. ಡಾಕ್ಟರ್ ಎಲ್ಸಿಂಗಾ ಬಾಟಲಿ ನೋಡಿದಳು, ಅವನ ಮುಖ ನೋಡಿದಳು, ಒಪ್ಪಿಗೆಯ ಮಾತು ಎತ್ತದೆ ಇಸಿದುಕೊಂಡಳು.

ಉತ್ತರ ಎರಡೂ ಕಡೆಯಿಂದ ಬಂತು. ಆರಿಯ ಒಳಗಿದ್ದದ್ದು ಮದ್ದಿಗೆ ಬಗ್ಗದ ಜಾತಿ. ಬಾಟಲಿಯಲ್ಲಿದ್ದದ್ದೂ ಮದ್ದಿಗೆ ಬಗ್ಗದ ಜಾತಿ. "ಆದ್ರೆ ಇದೇ ಜಾತಿ ದೇಶದ ತುಂಬ ಇದೆ. ಇದರಿಂದ ಅದು ಅಂತ ಯಾವ ಕೋರ್ಟಿನಲ್ಲೂ ನಾನು ಹೇಳೋಕಾಗಲ್ಲ" ಅಂದಳು. ತ್ಯೂನಿಸ್‌ಗೆ ಕೋರ್ಟು ಬೇಕಿರಲಿಲ್ಲ. ತಮ್ಮ ಬೇಕಿತ್ತು.

ಹೊಸ ಮದ್ದು ಬೂಷ್ಟನ್ನು ಹಿಡಿಯಿತು, ಆದರೆ ತಡವಾಗಿತ್ತು. ಕಿಡ್ನಿ ನಿಂತಿತು, ಆಮೇಲೆ ಒಂದೊಂದಾಗಿ ಎಲ್ಲ. ಹತ್ತೊಂಬತ್ತನೆಯ ದಿನ, ಭಾನುವಾರ ಬೆಳಿಗ್ಗೆ ಹನ್ನೊಂದೂ ಕಾಲಿಗೆ, ಯಂತ್ರ ನಿಲ್ಲಿಸಿದರು. ತ್ಯೂನಿಸ್ ಮಂಚದ ಪಕ್ಕ ಕೂತು ಬಾಯಿಗೆ ಒಂದು ಲಿಕೊರಿಸ್ ಹಾಕಿಕೊಂಡಿದ್ದ. ಅದು ಕರಗುವವರೆಗೂ ಮಾತಾಡಲಿಲ್ಲ.

ಮಣ್ಣು ಮಾಡಿದ ಮೇಲೆ ಊರಿನ ಸಭಾಂಗಣದಲ್ಲಿ ಎಂದಿನಂತೆ ಕಾಫಿ, ಒಂದು ಹೋಳು ಕೇಕು. ಸಾಲಿನಲ್ಲಿ ಬಂದು ಎಲ್ಲರೂ ಕೈ ಕುಲುಕಿದರು. ಸೀಮನ್ನನೂ ಬಂದ.

"ಗಾಳೀಲಿರೋದಕ್ಕೆ ಯಾರೇನು ಮಾಡೋಕಾಗುತ್ತೆ ತ್ಯೂನಿಸ್."

"ಮುಚ್ಚೋಕಾಗುತ್ತೆ" ಅಂದ ತ್ಯೂನಿಸ್. ಕೈ ಕೊಡಲಿಲ್ಲ.

ಅದರ ಮುಂದಿನ ಸೋಮವಾರ ತಿಪ್ಪೆ ಕೆದಕುವ ದಿನ. ಸೀಮನ್ ಆ ಕೆಲಸಕ್ಕೆ ಪೋಲೆಂಡಿನಿಂದ ಬಂದಿದ್ದ ಲೆಶೆಕ್ ಎಂಬಾತನನ್ನು ಕಳಿಸಿದ. ಮಾಸ್ಕೂ ಇಲ್ಲ, ಏನೂ ಇಲ್ಲ! ಲೆಶೆಕ್ ಗಾಡಿ ತಿರುಗಿಸಿಕೊಂಡು ಹೋದರೆ ತಿಪ್ಪೆಗೆ ಅಡ್ಡವಾಗಿ ಮನೆಯ ಊಟದ ಕುರ್ಚಿ ಹಾಕಿಕೊಂಡು ತ್ಯೂನಿಸ್ ಕೂತಿದ್ದಾನೆ. ಅದು ಆರಿಯ ಕುರ್ಚಿ. ಮೂಗಿಗೆ ಆರಿಯ ಸ್ಕಾರ್ಫು.

ಸೀಮನ್ ಓಡಿ ಬಂದ. "ಏಳೋ! ಹುಚ್ಚು ಹಿಡೀತೇನೋ? ಇದು ನನ್ನ ಜಾಗ."

"ಜಾಗ ನಿಂದು. ಉಸಿರು ನಿಂದಲ್ಲ. ಪ್ಲಾಸ್ಟಿಕ್ ತರಿಸು, ಏಳ್ತೀನಿ."

"ಲೆಶೆಕ್, ಗಾಡಿ ಪಕ್ಕಕ್ಕೆ ತಗೊಂಡು ಕೆಲಸ ಶುರು ಮಾಡು."

ಲೆಶೆಕ್ ಇಂಜಿನ್ ಆರಿಸಿ ಕೆಳಗಿಳಿದ. "ಈಯಪ್ಪ ಕೂತಿರೋ ಜಾಗದಲ್ಲಿ ನಾನು ಬಕೆಟ್ ಇಳಿಸಲ್ಲ" ಅಂತ ಕೀಲಿಯನ್ನು ಸೀಮನ್ನನ ಅಂಗೈಗಿಟ್ಟ. "ನೀವೇ ಕೆದಕಿ ಬೇಕಾದ್ರೆ."

ಸೀಮನ್ ಕೀಲಿ ನೋಡಿದ, ತಿಪ್ಪೆ ನೋಡಿದ, ಏಳುತ್ತಿದ್ದ ಹಬೆ ನೋಡಿದ. ಗಾಡಿ ಹತ್ತಲಿಲ್ಲ. ಅಷ್ಟೇ ಸಾಕಾಗಿತ್ತು. ಗಾಳೀಲಿರೋದಕ್ಕೆ ಯಾರೇನು ಮಾಡೋಕಾಗುತ್ತೆ ಅಂದವನು ತಾನು ಮಾತ್ರ ಆ ಗಾಳಿಗೆ ಮೂಗು ಒಡ್ಡಲಿಲ್ಲ.

ಮಂಗಳವಾರ ಮಧ್ಯಾಹ್ನದವರೆಗೂ ಹಗಲೆಲ್ಲ ತ್ಯೂನಿಸ್ ಕೂತ. ಸೀಮನ್ನನ ಹೆಂಡತಿ ಎರಡು ಸಲ ಸೂಪು ತಂದಿಟ್ಟು ಹೋದಳು. ಆಮೇಲೆ ಲಾರಿಯಲ್ಲಿ ಕರಿ ಪ್ಲಾಸ್ಟಿಕ್ ಬಂತು. ಮುಚ್ಚಿ, ಅಂಚಿಗೆ ಹಳೇ ಟೈರು ಹೇರಿದರು. ತಪ್ಪಾಯ್ತು ಅನ್ನುವ ಮಾತು ಸೀಮನ್ನನ ಬಾಯಿಂದ ಅವತ್ತೂ ಬರಲಿಲ್ಲ, ಇವತ್ತಿಗೂ ಬಂದಿಲ್ಲ. ತ್ಯೂನಿಸ್ ಕೆಲಸ ಬಿಟ್ಟ. ಮದ್ದಿನ ತೊಟ್ಟಿಯ ಹತ್ತಿರ ಮತ್ತೆ ಹೋಗಲಿಲ್ಲ. ಈಗ ಪುರಸಭೆಗೆ ಏರಿಯ ಮೇಲಿನ ಹುಲ್ಲು ಕತ್ತರಿಸುತ್ತಾನೆ. ಮೇಲೆ ನಿಂತರೆ ಸುತ್ತಲ ಹೊಲಗಳು ಕಾಣುತ್ತವೆ, ಅಲ್ಲಲ್ಲಿ ಈಗಲೂ ಬೇರೆಯವರ ತಿಪ್ಪೆಗಳಿಂದ ಹಬೆ ಏಳುತ್ತದೆ. ಅದನ್ನು ನೋಡಿದಾಗಲೆಲ್ಲ ಅವನು ಹಲ್ಲು ಕಡಿಯುತ್ತಾನೆ. ಮಿಠಾಯಿ ತುರುಕುವವರಿಲ್ಲ.

ಒಮ್ಮೆ, ಬೇಸಿಗೆಯಲ್ಲಿ, ಉಳಿದಿದ್ದ ತನ್ನ ಬೂಟು ತರಲು ಆ ಶೆಡ್ಡಿಗೆ ಹೋಗಿದ್ದ. ಬಾಗಿಲ ಮೇಲೆ ಸೀಮೆಸುಣ್ಣದ ಹೆಸರುಗಳು ಹಾಗೇ ಇದ್ದವು. ಕೊನೆಯದು ತ್ಯೂನಿಸನ ಹೆಸರು. ಅದರ ಮೇಲೆ ಗೀಟು ಎಳೆದು ಪಕ್ಕದಲ್ಲಿ ಆರಿ ತನ್ನ ಹೆಸರು ಬರೆದಿದ್ದ, ಅವತ್ತು ಬೆಳಿಗ್ಗೆ, ಜ್ವರದ ಕೈಯಲ್ಲಿ, ಸೊಟ್ಟಗೆ. ತ್ಯೂನಿಸ್ ನೆಲದಲ್ಲಿ ಬಿದ್ದಿದ್ದ ಸೀಮೆಸುಣ್ಣದ ತುಂಡು ಎತ್ತಿಕೊಂಡು, ಅದರ ಕೆಳಗೆ ತನ್ನ ಹೆಸರು ಬರೆದ. ಹೊರಗೆ ಬಂದು ನೋಡಿದ. ಕರಿ ಪ್ಲಾಸ್ಟಿಕ್ ಹೊದ್ದು, ಟೈರಿನ ಕೆಳಗೆ, ತಿಪ್ಪೆ ಅಲುಗಾಡದೆ ಬಿದ್ದಿತ್ತು. ಇನ್ನು ಅದನ್ನು ಯಾರೂ ಕೆದಕಕೂಡದು ಅಂತ ಹಟ ಹಿಡಿದು ಕೂತವನು ಅವನೇ. ಆರಿಗೆ ಕೊಡಬೇಕಾಗಿದ್ದ ಆ ಒಂದು ಸರದಿ ಹಾಗೇ ಉಳಿಯಿತು.